ಸೊಲ್ಲಾಪುರದ ದೀಪ ಹಚ್ಚುವ ಹೊತ್ತಿನ ಭಾವ

ತಡವಾಗಿ ಏಳುವುದನ್ನು ಜನ ಸಣ್ಣ ಚಟವೆಂದು ತಿಳಿದಿದ್ದಾರೆ. ತಡವಾಗಿ ಎದ್ದವನಿಗೆ ತಂಗಳು ರೊಟ್ಟಿ, ನಾಲ್ಕು ಬೈಗುಳ, ಅಲ್ಲಿಗೆ ಮುಗಿಯಿತು ಎಂದು ನಾನೂ ತಿಳಿದಿದ್ದೆ. ನನ್ನ ನಿದ್ದೆಯನ್ನು ನಂಬಿ ಒಂದು ಸಂಸಾರವೇ ಗಂಟುಮೂಟೆ ಕಟ್ಟುತ್ತದೆಂದು ಗೊತ್ತಿದ್ದರೆ, ಶಿವನಾಣೆ, ಆ ಎಂಟು ದಿನ ಗೋಡೆಗೆ ಒರಗಿ ಕೂತೇ ಕಳೆಯುತ್ತಿದ್ದೆ.

ನನ್ನ ಅಣ್ಣ ಮಲ್ಲಣ್ಣ ಕಮಲಾಪುರದಲ್ಲಿ ಮಗ್ಗ ಹಾಕಿಕೊಂಡಿದ್ದ. ಗಿರಣಿ ಬಟ್ಟೆ ಬಂದ ಮೇಲೆ ಅವನು ನೇಯ್ದ ಸೀರೆಯನ್ನು ಸಂತೆಯಲ್ಲಿ ಜನ ಮುಟ್ಟಿ ನೋಡುತ್ತಿದ್ದರು, ಹೊಗಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಕಡೆಗೆ ಸೊಲ್ಲಾಪುರದ ಗಿರಣಿಗೇ ಸೇರುವುದೆಂದು ಅಣ್ಣ ಮನಸ್ಸು ಮಾಡಿದ. ಸೊಲ್ಲಾಪುರ ಕಲಬುರಗಿಯಿಂದ ರೈಲಿನಲ್ಲಿ ಅರ್ಧ ದಿನದ ಹಾದಿ; ಆದರೂ ಅದು ಇಂಗ್ರೇಜರ ಮುಲುಕು, ನಾವು ನಿಜಾಮರ ಪ್ರಜೆಗಳು. ಅಲ್ಲಿ ಸರಕಾರ ಬೇರೆ, ರೂಪಾಯಿ ಬೇರೆ, ಅಳೆಯುವ ಸೇರೂ ಬೇರೆ. ಹೆಂಡತಿಯನ್ನೂ ಮೂರು ಮಕ್ಕಳನ್ನೂ ಕರೆದೊಯ್ದರೆ ಗಿರಣಿಯ ಪಗಾರದಲ್ಲಿ ಹೊಟ್ಟೆ ತುಂಬುತ್ತದೋ ಇಲ್ಲವೋ ಯಾರಾದರೂ ನೋಡಿ ಬರಬೇಕಲ್ಲ? ನಾನು ನಾಲ್ಕನೆಯ ಇಯತ್ತೆ ಕಲಿತು ಕಲಬುರಗಿಯ ಕಿರಾಣಿ ಅಂಗಡಿಯೊಂದರಲ್ಲಿ ಚೀಟಿ ಬರೆಯುತ್ತಿದ್ದೆ. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ.

"ಎಂಟು ದಿನ ಇದ್ದು ನೋಡಿ ಬಾ ತಮ್ಮಾ," ಅಂದ ಅಣ್ಣ. "ಜ್ವಾಳ, ಬ್ಯಾಳಿ, ಕಾಯಿಪಲ್ಯ, ಏನೂ ಬಿಡಬ್ಯಾಡ. ಹತ್ತು ಮಂದಿಗಿ ಕೇಳು."

"ಹತ್ತು ಮಂದಿಗಿ ಕೇಳಾಂವ ಇವ!" ಅಣ್ಣನ ಹೆಂಡತಿ, ನನ್ನ ವೈನಿ ನೀಲಮ್ಮ ಒಲೆಯ ಮುಂದಿನಿಂದಲೇ ನಕ್ಕಳು. "ಅಲ್ಲಿ ಇವನಿಗಿ ಎಬ್ಬಸೂರು ಯಾರು ಅಂತ ಮೊದಲ ಕೇಳ್ರಿ."

ಕಲಬುರಗಿಯ ಅಂಗಡಿಯಲ್ಲಿ ಸಾಹುಕಾರ ಎಬ್ಬಿಸುತ್ತಿದ್ದ; ಸೂರ್ಯ ಹುಟ್ಟುವ ಮೊದಲೇ ನಾನು ಕಸ ಹೊಡೆಯಬೇಕಿತ್ತು. ಸೊಲ್ಲಾಪುರದಲ್ಲಿ ನಮ್ಮೂರವನೊಬ್ಬನ ಖೋಲಿಯಲ್ಲಿ ಇಳಿದೆ. ಅವನು ನಸುಕಿನಲ್ಲೇ ಗಿರಣಿಗೆ ಹೋಗಿಬಿಡುತ್ತಿದ್ದ. ಎಬ್ಬಿಸುವವರಿಲ್ಲದ ಎಂಟು ಮುಂಜಾವುಗಳು ನನಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ. ಮಾಡಿನ ತಗಡು ಕಾದಾಗ ಏಳುತ್ತಿದ್ದೆ. ಖಾನಾವಳಿಯಲ್ಲಿ ಉಂಡು ಬಂದರೆ ಮತ್ತೆ ಕಣ್ಣು ಭಾರ. ಹೀಗಾಗಿ ನಾನು ಬಾಜಾರ ಕಂಡದ್ದೆಲ್ಲ ದೀಪ ಹಚ್ಚುವ ಹೊತ್ತಿನಲ್ಲಿ. ಆಗ ಬುಟ್ಟಿಯ ತಳದಲ್ಲಿ ಬಾಡಿದ ಮೆಂತ್ಯ, ಹುಳುಕು ಬದನೆ ಉಳಿದಿರುತ್ತಿದ್ದವು. ಮಾರುವ ಹೆಂಗಸರಿಗೆ ಮನೆಗೆ ಹೋಗುವ ಅವಸರ. ಕೇಳಿದ ಬೆಲೆಗೆ ಉಡಿಗೆ ಸುರಿಯುತ್ತಿದ್ದರು. ಕಾಳಿನ ಅಂಗಡಿಗಳು ಬಾಗಿಲು ಹಾಕಿರುತ್ತಿದ್ದವು. ಅವುಗಳ ಮುಂದೆ ಚೆಲ್ಲಿದ ಜೋಳ, ಬೇಳೆ ಗುಡಿಸಿ ಮಾರುವ ಮುದುಕಿಯೊಬ್ಬಳಿದ್ದಳು. ಅವಳು ಹೇಳಿದ ಬೆಲೆಯನ್ನೇ ಸೊಲ್ಲಾಪುರದ ಭಾವವೆಂದು ದುಂಡಾಗಿ ಬರೆದುಕೊಂಡೆ.

ಊರಿಗೆ ಬಂದ ಮೇಲೆ ಅಣ್ಣ ಪಡಸಾಲೆಯಲ್ಲಿ ಹುಣಸೆಬೀಜ ಹರವಿಕೊಂಡು ಕೂತ. ಇಂಗ್ರೇಜರ ಕಲ್ದಾರ ರೂಪಾಯಿಗೆ ನಮ್ಮ ನಿಜಾಮರ ಹಾಲಿ ರೂಪಾಯಿಗಿಂತ ಬೆಲೆ ಜಾಸ್ತಿ. ಅದನ್ನು ಕೂಡಿಸಿ, ಸೇರಿನ ಹೆಚ್ಚುಕಡಿಮೆ ಕಳೆದು, ಬೀಜಗಳನ್ನು ಆ ಕಡೆ ಈ ಕಡೆ ಸರಿಸಿ ಎರಡು ದಿನ ಲೆಕ್ಕ ಮಾಡಿದ. ಒಂದು ಪೈ ತಪ್ಪಲಿಲ್ಲ. ಆ ಲೆಕ್ಕ ಅಷ್ಟು ಸರಿಯಿದ್ದದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

"ಇಷ್ಟು ಸಸ್ತಾ ಅದ ಏನೋ? ಖರೇನ?"

ವೈನಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಮಲಗಿದ್ದೆ ಎಂದರೆ ಅವಳು ಜನ್ಮವಿಡೀ ನಗುತ್ತಾಳೆ. "ನಾನೇ ಕಣ್ಣಾರೆ ನೋಡೀನಿ ಅಣ್ಣಾ," ಅಂದೆ. ಅದೂ ಸುಳ್ಳಲ್ಲ.

ಮಗ್ಗ ಮಾರಿದರು, ಎಮ್ಮೆ ಮಾರಿದರು. ಕಲಬುರಗಿಯ ಟೇಶನ್ನಿನಲ್ಲಿ ಗಂಟುಗಳನ್ನು ಗಾಡಿಗೆ ಏರಿಸಿದವನೂ ನಾನೇ.

ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಊರಿಗೆ ಬಂದರು. ಅಣ್ಣನಿಗೆ ಹತ್ತಿಯ ಧೂಳಿನ ಕೆಮ್ಮು. ಒಂಬತ್ತು ವರ್ಷದ ಹಿರಿಮಗಳ ಬೆರಳುಗಳಲ್ಲಿ ತಂಬಾಕಿನ ವಾಸನೆ. ಪಗಾರ ಸಾಲದೆ ಬೀಡಿ ಕಟ್ಟಲು ಕೂಡಿಸಿದ್ದರು. ಕಟ್ಟೆಯ ಮೇಲೆ ಒಬ್ಬ ಕೇಳಿಯೇ ಬಿಟ್ಟ: "ಏನೋ ಮಲ್ಲಣ್ಣ, ನಿನ್ನ ತಮ್ಮ ಭಾಳ ಸಸ್ತಾ ಅದ ಅಂದಿದ್ನಲ್ಲ?"

"ಅಂವ ನೋಡಿದಾಗ ಸಸ್ತಾನೇ ಇತ್ತು," ಅಣ್ಣ ಕೆಮ್ಮುತ್ತ ಹೇಳಿದ. "ನಾವು ಹೋದಮ್ಯಾಲ ತುಟ್ಟಿ ಆತು. ನಮ್ಮ ನಶೀಬು."

"ನಿನ್ನ ಮಾರಿ ನೋಡೇ ಏರಸ್ಯಾರಂತ ಕಾಣ್ತದ!"

ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ನಾನು ಎದ್ದು ಒಳಗೆ ಹೋದೆ. ವೈನಿ ರೊಟ್ಟಿ ಹಾಕಿದಳು. ನಾನು ಅದನ್ನು ಮುರಿದು ಮುರಿದು ತಾಟಿನಲ್ಲೇ ಇಡುತ್ತಿದ್ದೆ.

"ಉಣ್ಣು," ಅಂದಳು. "ನಾನೂ ಅಲ್ಲಿ ದೀಪ ಹಚ್ಚಿದ ಮ್ಯಾಲೇ ಬಾಜಾರಕ್ಕ ಹೋಗ್ತೀನಿ. ನೀ ಬರಕೊಂಡು ಬಂದ ಭಾವ ಆವಾಗ ಸಿಗ್ತದ."

ನಾನು ತಲೆ ಎತ್ತಲಿಲ್ಲ. "ಅಣ್ಣಗ ಹೇಳಿಬಿಡ್ತೀನಿ ವೈನಿ."

"ಹೇಳಬ್ಯಾಡ. ಮಗ್ಗ ಹೋಯ್ತು, ಎದಿ ಹೋಯ್ತು. ನನ್ನ ತಮ್ಮ ಶಾಣ್ಯಾ ಅನ್ನೂದೊಂದು ಉಳದದ ಅವರಿಗಿ. ಅದೂ ಕಸಗೋಬ್ಯಾಡ."

ಆವತ್ತು ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಈಗ ನಾನು ಕೋಳಿಗಿಂತ ಮೊದಲು ಏಳುತ್ತೇನೆ. ಇಂಥ ಚುರುಕಿನವನು ಕಲಬುರಗಿಯಲ್ಲಿ ಇನ್ನೊಬ್ಬನಿಲ್ಲವೆಂದು ಸಾಹುಕಾರ ಪಗಾರ ಹೆಚ್ಚಿಸಿದ್ದಾನೆ. ಹೆಚ್ಚಿದ್ದನ್ನು ಸೊಲ್ಲಾಪುರಕ್ಕೆ ಕಳಿಸಿದರೆ, ಎಂಥ ತಮ್ಮ ನೋಡು ಎಂದು ಅಣ್ಣ ಗಿರಣಿಯವರಿಗೆಲ್ಲ ಹೇಳುತ್ತಾನಂತೆ. ವೈನಿಯ ಮಾತನ್ನು ನಾನು ಮೀರಿಲ್ಲ. ಅವನಿಗೆ ಹೇಳಿಲ್ಲ, ನಿಮಗೆ ಬರೆದಿದ್ದೇನೆ, ಅಷ್ಟೇ. ಅವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯ. ಬರುತ್ತಿದ್ದರೆ ಅಂದು ಸೊಲ್ಲಾಪುರಕ್ಕೆ ಅವನೇ ಹೋಗುತ್ತಿದ್ದ. ಬೆಳಿಗ್ಗೆ ಎದ್ದು ಬಾಜಾರ ನೋಡುತ್ತಿದ್ದ.