ಲಂಚ ಕೊಡಲು ಹೋಗಿ ಉಪ್ಪಿನಕಾಯಿ ತಂದದ್ದು

ಜನರಿಗೆ ಪ್ರಾಮಾಣಿಕತೆ ಕಲಿಸಲು ಹೊರಟರೆ ಹೋದಲ್ಲೆಲ್ಲ ಒಂದು ಫಜೀತಿ ಕಾದಿರುತ್ತದೆ. ಕಲಿಸುವ ಮೇಡಂ ಅವರ ಕಾರು ಓಡಿಸುವವನು ನಾನು. ಓದಿದ್ದು ಕಡಿಮೆ. ನೋಡಿದ್ದನ್ನು ಬರೆಯುತ್ತೇನೆ. ತೆಲುಗಿನ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ನಮ್ಮದು ಸರಕು ಸಾಗಿಸುವ ಕಂಪನಿ. ವಿಶಾಖಪಟ್ಟಣ ಬಂದರಿನ ಹತ್ತಿರ ಒಂದು ಆಫೀಸು, ವಿಜಯವಾಡದ ಒನ್ ಟೌನ್‌ನಲ್ಲಿ ಒಂದು. ನಾನು ಬಳ್ಳಾರಿ ಕಡೆಯವನು. ಲಾರಿ ಜೊತೆ ಬಂದು ವಿಶಾಖಪಟ್ಟಣದಲ್ಲೇ ಉಳಿದೆ. ಮೇಡಂ ಹಾಸನದವರು, ಚಿಕ್ಕ ವಯಸ್ಸು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬೆಂಗಳೂರಿನ ದೊಡ್ಡ ಸಾಹೇಬರು ಹೇಳಿಬಿಟ್ಟಿದ್ದರು: "ನೀತಿ ನಿಯಮದ ಕ್ಲಾಸಲ್ಲಿ ಜನ ನಿದ್ದೆ ಮಾಡ್ತಾರಂತೆ. ಎಚ್ಚರ ಇರೋ ಹಾಗೆ ಏನಾದ್ರೂ ಮಾಡಿ. ನಾನೇ ಬಂದು ನೋಡ್ತೀನಿ. ಕಾಯಂ ಮಾತು ಆಮೇಲೆ."

ನನ್ನ ಹೆಂಡತಿ ತೀರಿಕೊಂಡ ವರ್ಷ ಅದು. ಮನೆಗೆ ಹೋಗುವ ಅವಸರ ಇರಲಿಲ್ಲ. ಮೇಡಂ ಎಲ್ಲಿಗೆ ಅಂದರೆ ಅಲ್ಲಿಗೆ ಹೋದೆ.

ಪರದೆಯ ಪಾಠ

ಮೊದಲು ವಿಶಾಖಪಟ್ಟಣ. ಊಟ ಆದಮೇಲೆ ಕ್ಲಾಸು. ಎಸಿ ರೂಮು. ದೀಪ ಆರಿಸಿ ಪರದೆ ಮೇಲೆ ನಿಯಮ ತೋರಿಸಿದರು. ಸ್ವಲ್ಪ ಹೊತ್ತಿಗೆ ಗೊರಕೆ. ಮೇಡಂ ದೀಪ ಹಾಕಿದರು. ಒಬ್ಬ ಹಿರಿಯ ಗುಮಾಸ್ತ ಕಣ್ಣು ಬಿಟ್ಟು, "ನಾನು ಒಪ್ಪುತ್ತೇನೆ" ಅಂದ.

"ಯಾವುದನ್ನು?"

"ನೀವು ಹೇಳಿದ್ದೆಲ್ಲ, ಮೇಡಂಗಾರು. ಎಲ್ಲಿ ಸಹಿ ಹಾಕಲಿ?"

ಹಾಕಿದ. ಪಕ್ಕದವನಿಗೆ ಇನ್ನೂ ಎಚ್ಚರ ಆಗಿರಲಿಲ್ಲ. ಪಾಪ ಮಲಗಲಿ ಅಂತ ಅವನ ಸಹಿಯನ್ನೂ ಇವನೇ ಹಾಕಿಬಿಟ್ಟ.

ಆವತ್ತಿನ ಪಾಠ, ಬೇರೆಯವರ ಸಹಿ ಹಾಕಬಾರದು ಅಂತ.

ನನ್ನ ವೇಷ

ವಿಜಯವಾಡದ ದಾರಿಯಲ್ಲಿ ಮೇಡಂ ಆ ಸಹಿಗಳ ಹಾಳೆಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ಆಮೇಲೆ, "ಅಣ್ಣಾ, ನಿಮಗೆ ನಾಟಕ ಬರುತ್ತಾ?" ಅಂದರು.

"ಇಲ್ಲ ಅಮ್ಮ."

"ಸುಳ್ಳು ಹೇಳೋಕೆ?"

"ಅದೂ ಬರಲ್ಲ. ಮುಖ ನೋಡಿದ್ರೆ ಸಾಕು, ನನ್ನ ಹೆಂಡತಿ ಹಿಡಿದುಬಿಡ್ತಿದ್ಲು."

"ಈಗ ಯಾರೂ ಹಿಡಿಯಲ್ಲ ಬಿಡಿ" ಅಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಗೇರು ಬದಲಿಸಿದೆ.

ಅಲ್ಲಿಯ ಆಫೀಸಿನವರು ನನ್ನನ್ನು ಕಂಡಿರಲಿಲ್ಲ. ನನಗೆ ಲಾರಿ ಮಾಲೀಕನ ವೇಷ. ಇಸ್ತ್ರಿ ಅಂಗಿ, ಕೈಯಲ್ಲಿ ಸ್ವೀಟಿನ ಡಬ್ಬ. ನಮ್ಮ ಲಾರಿಗೆ ಮೊದಲು ಲೋಡ್ ಕೊಡಿ ಅಂತ ಡಬ್ಬ ಚಾಚಬೇಕು. ತಗೊಳ್ಳುತ್ತಾರಾ ಅಂತ ಮೇಡಂ ಕಿಟಕಿಯಿಂದ ನೋಡುತ್ತಾರೆ.

ಲೋಡ್ ಹಂಚುವ ಹೆಂಗಸಿಗೆ ಡಬ್ಬ ಚಾಚಿ, ಕಲಿತ ಮಾತು ಹೇಳಿದೆ. ಅವರು ನನ್ನನ್ನೇ ನೋಡಿ, ಚಿಕ್ಕಪ್ಪನನ್ನು ಕರೆದ ಹಾಗೆ ಕರೆದರು. "ಮೊದಲು ಕೂತ್ಕೊಳ್ಳಿ ಬಾಬಾಯ್. ಬಿಸಿಲಲ್ಲಿ ಬಂದಿದ್ದೀರಿ. ಊಟ ಆಯ್ತಾ?"

"ಆಯ್ತು."

"ಮುಖ ನೋಡಿದ್ರೆ ಆಗಿಲ್ಲ."

ತಮ್ಮ ಊಟದ ಕ್ಯಾರಿಯರ್ ಬಿಚ್ಚಿ ನನಗೆ ಬಡಿಸಿದರು. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಅದು ನಾಟಕದ ಮಾತಲ್ಲ. ಆಗ ಮಾವಿನ ಉಪ್ಪಿನಕಾಯಿ ಹಾಕುವ ಕಾಲ. ಆ ಊರಲ್ಲಿ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಮೇಜಿನ ಕೆಳಗಿಂದ ಒಂದು ಜಾಡಿ ಆವಕಾಯ ತೆಗೆದು ಕೈಗಿಟ್ಟರು. "ಅನ್ನ ಒಂದು ಬೇಯಿಸಿಕೊಳ್ಳಿ, ಸಾಕು. ಸ್ವೀಟ್ ನಮಗೆ ಬೇಡ, ಕಂಪನಿ ಒಪ್ಪಲ್ಲ. ಲೋಡು ಸರದಿ ಪ್ರಕಾರವೇ."

ಡಬ್ಬ, ಜಾಡಿ ಎರಡೂ ಹಿಡಿದು ಹೊರಗೆ ಬಂದೆ.

ಮೇಡಂ ನನ್ನ ಕೈ ನೋಡಿದರು. "ಅಣ್ಣಾ, ಅವರು ಪಾಸು. ನೀವು ಫೇಲು."

ಸಾಹೇಬರ ಪೇಡ

ಸಾಹೇಬರು ಬರುವ ದಿನ ಹತ್ತಿರ ಬಂತು. ಮೇಡಂ ವಿಜಯವಾಡದವರಿಗೆ ಹೇಳಿದರು: "ಯಾರಾದರೂ ಉಡುಗೊರೆ ಹಿಡಿದು ಬರುತ್ತಾರೆ. ನಾನೇ ಕಳಿಸಿರುತ್ತೇನೆ. ದೊಡ್ಡ ಮನುಷ್ಯರ ಹಾಗೆ ಮಾತಾಡುತ್ತಾರೆ, ನಂಬಬೇಡಿ. ಮೊದಲು ಹಿಡಿದು ದೂರು ಕೊಟ್ಟವರ ಫೋಟೊ ಗೋಡೆಗೆ." ಬೆಂಗಳೂರಿನ ದೂರಿನ ನಂಬರನ್ನು ಎಲ್ಲರ ಫೋನಿಗೂ ಹಾಕಿಸಿದರು.

ಆಮೇಲೆ ಯಾರಿಗೂ ನಿದ್ದೆ ಇಲ್ಲ. ಟೀ ತಂದವನ ಕೆಟಲಿನ ಮುಚ್ಚಳ ತೆಗೆದು ನೋಡಿದರು. ಮ್ಯಾನೇಜರರ ಮಾವ ಬಾಳೆಹಣ್ಣು ತಂದರೆ ಗೇಟಲ್ಲೇ ವಿಚಾರಣೆ.

ಸಾಹೇಬರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟರು. ಕೈತುಂಬ ಧಾರವಾಡ ಪೇಡದ ಡಬ್ಬಗಳು. ವಾಚ್‌ಮನ್ ಅವರನ್ನು ಎಂದೂ ನೋಡಿದವನಲ್ಲ.

"ಯಾರಿಗೆ ಇದು?"

"ಎಲ್ಲರಿಗೂ."

ವಾಚ್‌ಮನ್‌ಗೆ ಖುಷಿಯಾಯಿತು. "ಎಲ್ಲರಿಗೂನಾ. ಇಲ್ಲೇ ಕೂತ್ಕೊಳ್ಳಿ."

"ನಾನು ಹೆಡ್ಡಾಫೀಸಿನ..."

"ಹಾಗೇ ಹೇಳ್ತಾರೆ ಅಂತ ಮೇಡಂ ಹೇಳಿದ್ದಾರೆ" ಅಂದು ನಂಬರ್ ಒತ್ತಿದ.

ದೂರಿನ ಫೋನು ಸಾಹೇಬರ ಜೇಬಲ್ಲೇ ಇತ್ತು. ಅಲ್ಲೇ ಹೊಡೆದುಕೊಂಡಿತು.

ನಾನು ಕಾರು ಒರೆಸುತ್ತಿದ್ದೆ. ಮೇಡಂ ಓಡಿ ಬಂದರು. ಮುಖದಲ್ಲಿ ರಕ್ತ ಇಲ್ಲ. ಸಾಹೇಬರು ಸುಮ್ಮನಿರಿ ಅಂತ ಕೈ ತೋರಿಸಿ ಫೋನು ಕಿವಿಗಿಟ್ಟರು. ರಸ್ತೆ ತುಂಬ ಲಾರಿ ಹಾರ್ನು. ವಾಚ್‌ಮನ್ ಇನ್ನೊಂದು ಕಿವಿಗೆ ಬೆರಳು ಹಾಕಿಕೊಂಡಿದ್ದ.

"ಸರ್, ಒಬ್ಬನು ಸ್ವೀಟ್ ತಂದಿದ್ದಾನೆ. ಹಿಡಿದು ಕೂರಿಸಿದ್ದೀನಿ."

"ನೋಡೋಕೆ ಹೇಗಿದ್ದಾನೆ?"

ವಾಚ್‌ಮನ್ ಅವರನ್ನು ಮೇಲಿಂದ ಕೆಳಗೆ ನೋಡಿದ. "ಕುಳ್ಳಗೆ ಸರ್. ಹೊಟ್ಟೆ ಇದೆ. ತಲೆಗೆ ಬಣ್ಣ ಹಚ್ಚಿದ್ದಾನೆ."

"ಈಗ ಏನು ಮಾಡ್ತಿದ್ದಾನೆ?"

"ಯಾರಿಗೋ ಫೋನಲ್ಲಿ ಮಾತಾಡ್ತಿದ್ದಾನೆ ಸರ್. ಅವನ ಕಡೆಯವರೇ ಇರಬೇಕು."

ಸಾಹೇಬರು ಫೋನು ಜೇಬಿಗೆ ಹಾಕಿದರು. ಮೇಡಂ ಕಡೆ ತಿರುಗಿ, "ನಿಮ್ಮ ಕೆಲಸ ಕಾಯಂ. ಮೊದಲು ನನ್ನನ್ನು ಬಿಡಿಸಿ" ಅಂದರು.

"ನೋಡಿದ್ರಾ ಮೇಡಂಗಾರು, ಈಗ ನಿಮಗೇ ಆಸೆ ತೋರಿಸ್ತಿದ್ದಾನೆ" ಅಂದ ವಾಚ್‌ಮನ್, ಮತ್ತೆ ನಂಬರ್ ಒತ್ತುತ್ತಾ.