ನಮ್ಮ ಟ್ರ್ಯಾಂಪೊಲಿನ್ ಕೆಳಗೆ ಸಂಸಾರ ಹೂಡಿದ ಕಪ್ಪೆಗಳಿಗೆ

ಟೂಸಾನ್, ಅರಿಝೋನಾ

ಮಾನ್ಯ ಸನಿಕೆಗಾಲಿನ ಕಪ್ಪೆ ದಂಪತಿಗಳೇ,

ವರ್ಷದ ಬಹುಭಾಗ ನೆಲದಡಿಯಲ್ಲಿ ಮಲಗಿದ್ದು, ಮಳೆಗಾಲದ ಗುಡುಗಿಗೆ ಮಾತ್ರ ಎದ್ದು ದರ್ಶನ ಕೊಡುವ ತಮ್ಮ ಘನತೆಗೆ ನಮಸ್ಕರಿಸಿ, ತಮ್ಮ ಮನೆಯ ಮೇಲ್ಛಾವಣಿಯ ಮಾಲೀಕನಾದ ರೊಹೆಲಿಯೊ ಬುಸ್ತಮಾಂತೆ ಎಂಬ ನಾನು ಈ ಅಹವಾಲನ್ನು ಸಲ್ಲಿಸುತ್ತಿದ್ದೇನೆ. ಮೇಲ್ಛಾವಣಿಯೆಂದರೆ ಟ್ರ್ಯಾಂಪೊಲಿನ್, ಸುತ್ತ ಸ್ಪ್ರಿಂಗುಗಳಿಂದ ಬಿಗಿದ, ಮಕ್ಕಳು ಹಾರಿ ಕುಣಿಯುವ ಹಾಸು. ಮಗಳು ಇತ್ಸೆಲ್ ತನ್ನ ಒಂಬತ್ತನೇ ಹುಟ್ಟುಹಬ್ಬಕ್ಕೆ ಕೇಳಿದ್ದು ಅದೊಂದನ್ನೇ. ತರಗತಿಯವರನ್ನೆಲ್ಲ "ನಮ್ಮ ಹಿತ್ತಲಿಗೆ ಹಾರೋಕೆ ಬನ್ನಿ" ಎಂದು ಕರೆದೂ ಆಗಿತ್ತು. ಕಾಲಿನ ಮೇಲೆ ನಿಲ್ಲಿಸಿದರೆ ನಮ್ಮ ಬಿರುಗಾಳಿಗೆ ಅದು ಪಕ್ಕದವರ ಕಳ್ಳಿಯ ಮೇಲೆ ಹೋಗಿ ಕೂರುತ್ತದೆಂದು, ಗುಂಡಿ ತೋಡಿ ನೆಲದ ಮಟ್ಟಕ್ಕೇ ಕೂರಿಸಲು ನಿಶ್ಚಯಿಸಿದೆ.

ಗುಂಡಿ ತೋಡುವುದರ ಬಗ್ಗೆ ತಮ್ಮೆದುರು ಮಾತಾಡುವುದೇ ಉದ್ಧಟತನ. ತಾವು ಹಿಂಗಾಲಿನ ಸನಿಕೆಯನ್ನಾಡಿಸುತ್ತ, ಸೊಂಟ ಕುಲುಕಿಸುತ್ತ, ಹಿಮ್ಮುಖವಾಗಿಯೇ ಭೂಮಿಯೊಳಗೆ ಇಳಿದುಬಿಡುತ್ತೀರಿ. ನನಗಾದರೋ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಕಲೀಚೆ ಎಂಬ ಸುಣ್ಣಗಲ್ಲಿನ ಪದರ ಎದುರಾಗಿ, ಬಾಡಿಗೆಗೆ ತಂದ ಬ್ರೇಕರ್ ಯಂತ್ರ ನೆಲವನ್ನು ಬಿಟ್ಟು ನನ್ನ ಹಲ್ಲುಗಳನ್ನು ಸಡಿಲಿಸಿತು. ಹೆಂಡತಿ ಗ್ರಸಿಯೇಲಾ ನೆರಳಿನಲ್ಲಿ ಕೂತು, "ನೆಲ ಬೇಡ ಬೇಡ ಅಂತಿದೆ, ಕೇಳಿಸ್ತಿಲ್ವಾ ನಿಂಗೆ?" ಎಂದಳು. ಅಂತೂ ಗುಂಡಿಯಾಯಿತು. ಅದರಲ್ಲಿ ಒಂದು ತೊಟ್ಟು ನೀರೂ ಇಂಗುವುದಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು, ತಮಗೆ ಮೊದಲೇ ತಿಳಿದಿತ್ತು.

ಈಗ ಮುಖ್ಯ ಆಪಾದನೆ. ನನ್ನ ಬಾಮೈದ ಚೂಯಿ, ಎತ್ತರಕ್ಕಿಂತ ಅಗಲದಲ್ಲೇ ಹೆಚ್ಚು ಬೆಳೆದವನು, "ಮಕ್ಕಳು ಹತ್ತೋ ಮುಂಚೆ ಗಟ್ಟಿ ಇದೆಯಾ ನೋಡ್ಬೇಕಲ್ಲ ಭಾವ" ಎನ್ನುತ್ತ ಒಂದು ಸಂಜೆ, ಆಗಷ್ಟೇ ಕೂರಿಸಿದ್ದ ಟ್ರ್ಯಾಂಪೊಲಿನ್ ಮೇಲೆ ಹಾರಿದ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಹಿತ್ತಲು ಧಿಮ್ಮೆಂದಿತು. ಅವನಿನ್ನೂ ಬೆವರು ಒರೆಸಿಕೊಳ್ಳುತ್ತ ಬಿಯರ್ ಕೇಳುತ್ತಿದ್ದಾಗಲೇ ತಾವಿಬ್ಬರೂ ಬೇಲಿಯ ಬುಡದಿಂದ ಮಣ್ಣು ಕೊಡವಿಕೊಂಡು ಎದ್ದುಬಂದು, ಮಳೆಯೆಲ್ಲಿ ಎಂಬಂತೆ ನನ್ನನ್ನೇ ದಿಟ್ಟಿಸಿದಿರಿ. ಚೂಯಿಯನ್ನು ಗುಡುಗೆಂದು ಭಾವಿಸುವ ಔದಾರ್ಯವನ್ನು ಅವನ ಹೆತ್ತ ತಾಯಿಯೂ ಈವರೆಗೆ ತೋರಿಲ್ಲ. ಮರುದಿನ ಮಳೆ ನಿಜವಾಗಿಯೇ ಸುರಿದು ಗುಂಡಿ ತುಂಬಿತು. ತಾವು ಕುರಿಗಳಂತೆ ಅರಚುತ್ತ ಮದುವೆಯಾದಿರಿ. ನಾನು ಪಂಪು ತರುವಷ್ಟರಲ್ಲಿ ನೀರಿನ ತುಂಬ ಗೊದಮೊಟ್ಟೆಗಳು.

ಪಂಪಿನ ಪ್ಲಗ್ಗನ್ನು ಇತ್ಸೆಲ್ ಕಿತ್ತುಹಾಕಿದಳು. "ಅಪ್ಪಾ, ಇವಕ್ಕಿನ್ನೂ ಕಾಲೇ ಬಂದಿಲ್ಲ. ಯಾರೂ ಹಾರೋ ಹಾಗಿಲ್ಲ."

"ಮುಂದಿನ ವಾರ, ಹುಟ್ಟುಹಬ್ಬದ ಶನಿವಾರ ಬರೋರೆಲ್ಲ ಏನ್ ಮಾಡ್ಬೇಕು ಮಗಳೇ?"

"ಕಾಯ್ಬೇಕು" ಎಂದಳು, ತುಟಿ ಕಚ್ಚಿಕೊಂಡು. ಮಕ್ಕಳು ಕಾಯುವವರಲ್ಲ, ಸುಳ್ಳು ಹೇಳಿದಳೆಂದು ಶಾಲೆಯಲ್ಲೆಲ್ಲ ಸಾರಿ ವರ್ಷವಿಡೀ ಆಡಿಕೊಳ್ಳುವವರು ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಂದಿನಿಂದ ದಿನವೂ ಬಿಸಿಲು ಕುಡಿದಷ್ಟು ನೀರನ್ನು ನಾನು ಗುಂಡಿಗೆ ತುಂಬುತ್ತಿದ್ದೆ. ನಲ್ಲಿ ನೀರಿನ ಮದ್ದಿನ ವಾಸನೆ ತಮ್ಮ ಕುಡಿಗಳಿಗೆ ಆಗದೆಂದು ಮಗಳು ತೀರ್ಪಿತ್ತಿದ್ದರಿಂದ, ಬಕೆಟ್ಟುಗಳನ್ನು ಹಗಲಿಡೀ ಅಂಗಳದಲ್ಲಿಟ್ಟು, ಸಂಜೆ ಆರಿಸಿ, ಹೊತ್ತು ತಂದು ಸುರಿದೆ. ಮರುಭೂಮಿಯ ಕಪ್ಪೆಮರಿಗಳಿಗೆ ಹತ್ತೇ ದಿನ ಸಾಕಂತೆ ಎಂಬುದನ್ನು ನಂಬಿ, ಶನಿವಾರದೊಳಗೆ ಕಾಲು ದಯಪಾಲಿಸಿರೆಂದು ಒಂದೊಂದು ಬಕೆಟ್ಟಿಗೂ ಬೇಡಿಕೊಂಡೆ.

ಶನಿವಾರ ಬಂದವರು ತಮಾಲೆ ಎಂಬ ಜೋಳದ ಕಡುಬು ತಿಂದು ಮುಗಿಸಿದರು. ಮಿಠಾಯಿ ತುಂಬಿದ ಕಾಗದದ ಗೊಂಬೆ ಪಿನ್ಯಾಟವನ್ನೂ ತಮ್ಮ ನೆಮ್ಮದಿಗಾಗಿ ಬೀದಿಯ ಕಡೆಗೆ ಕಟ್ಟಿ ಒಡೆಸಿದೆವು. ಕೊನೆಗೆ ಒಬ್ಬಳು ಕೇಳಿಯೇಬಿಟ್ಟಳು: "ಹಾರೋದು ಯಾವಾಗ?" ಇತ್ಸೆಲ್ ಎದ್ದು ಹೋಗಿ ಒಂದು ಬದಿಯ ಸ್ಪ್ರಿಂಗುಗಳನ್ನು ಬಿಚ್ಚಿ, ಹಾಸನ್ನು ಮೇಲೆತ್ತಿ ಹಿಡಿದಳು. ಎಲ್ಲರೂ ಹೊಟ್ಟೆಯ ಮೇಲೆ ಮಲಗಿ ಬಗ್ಗಿದರು. ಉಗುರಿನಷ್ಟಿದ್ದ ತಮ್ಮ ಮಗನೋ ಮಗಳೋ ಗುಂಡಿಯ ಆಚೆಯ ಅಂಚು ಹತ್ತಿ, ಅಲ್ಲಿನ್ನೂ ಬಿಗಿದೇ ಇದ್ದ ಹಾಸಿನ ಮೇಲೆ ಬಂದು, ಒಂದು ಕ್ಷಣ ಯೋಚಿಸಿ, ಹಾರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಲೆಕ್ಕ ತಪ್ಪಿತು. "ನೂಕ್ಬೇಡ್ರೋ, ನಂಗೂ ಕಾಣ್ಲಿ" ಎಂಬ ಪಿಸುಮಾತು ಬಿಟ್ಟರೆ ಹಿತ್ತಲಲ್ಲಿ ಸದ್ದಿಲ್ಲ. ಕತ್ತಲಾದರೂ ಯಾರೂ ಮನೆಗೆ ಹೊರಡಲಿಲ್ಲ. ಮಗಳು ಹಾಸನ್ನು ಹಿಡಿದ ಕೈ ಸಡಿಲಿಸಲಿಲ್ಲ.

ಮಾನ್ಯರೇ, ನನ್ನ ಬೆನ್ನು ಮುರಿದು ಕಟ್ಟಿದ ಟ್ರ್ಯಾಂಪೊಲಿನ್ನನ್ನು ಹೀಗೆ ತಮ್ಮ ವಂಶದವರೇ ಉದ್ಘಾಟಿಸಿದ್ದಕ್ಕೆ ತೀವ್ರ ಆಕ್ಷೇಪವನ್ನೂ ಅದಕ್ಕಿಂತ ತುಸು ಹೆಚ್ಚು ಕೃತಜ್ಞತೆಯನ್ನೂ ದಾಖಲಿಸುತ್ತೇನೆ. ಬರುವ ವರ್ಷ ಆಗಮನದ ದಿನಾಂಕವನ್ನು ಮುಂಚಿತವಾಗಿ ತಿಳಿಸಬೇಕೆಂದೂ, ಮದುವೆಯ ಹಾಡನ್ನು ಮೆಲುದನಿಯಲ್ಲಿ ಹಾಡಬೇಕೆಂದೂ, ಗುಂಡಿಯನ್ನು ತಾವೇ ತೋಡಿಕೊಳ್ಳಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನೀರು ಹೊರುವ
ರೊಹೆಲಿಯೊ ಬುಸ್ತಮಾಂತೆ

ತಾ.ಕ.: ಇನ್ನು ಮುಂದೆ ನೆಲ ಧಿಮ್ಮೆಂದ ಕೂಡಲೇ ದಯಮಾಡಿ ಏಳಬೇಡಿ, ಸ್ವಲ್ಪ ಕಿವಿಗೊಟ್ಟು ಕೇಳಿ. ಗುಡುಗು, ಗುಡುಗಿದ ಮೇಲೆ ಬಿಯರ್ ಕೇಳುವುದಿಲ್ಲ.