ಮಾತಾಡದವನಿಗೆ ಮನಸೋತ ನಮ್ಮತ್ತಿ

ನಮ್ಮತ್ತಿ ಪರಗಂಡಸೊಬ್ಬನಿಗೆ ಮನಸೋತಿದ್ದಾಳೆ! ಹೌದ್ರಿ, ನಮ್ಮಪ್ಪನ ಒಡಹುಟ್ಟಿದ ಅಕ್ಕ, ಮೊಮ್ಮಕ್ಕಳನ್ನು ಕಂಡವಳು, ಹಣೆಗೆ ವಿಭೂತಿ ಹಚ್ಚದೆ ಚಹಾ ಮುಟ್ಟದವಳು! ಓಣಿಗೆಲ್ಲ ಗೊತ್ತು. ಮಾವನಿಗೂ ಗೊತ್ತು. ಗಾಬರಿಯಾಗಬೇಡಿ, ಆ ಗಂಡಸು ತೀರಿಕೊಂಡು ಎಷ್ಟೋ ಕಾಲವಾಗಿದೆ. ಮೈಬಣ್ಣ ಕಪ್ಪು-ಬಿಳುಪು. ಬಾಯಲ್ಲಿ ಒಂದಕ್ಷರ ಮಾತಿಲ್ಲ. ಹಳೇ ಮೂಕಿ ಚಿತ್ರವೊಂದರ ನಗೆನಟ.

ಈ ಸಂಬಂಧ ಕುದುರಿದ್ದು ಜಮಖಂಡಿಯ ಹಲ್ಲಿನ ದವಾಖಾನೆಯಲ್ಲಿ. ಅತ್ತಿ ಕೆನ್ನೆ ಹಿಡಿದುಕೊಂಡು ದವಡೆಹಲ್ಲು ಕೀಳಿಸಲು ಹೋಗಿದ್ದಳು, ಜೊತೆಗೆ ನಾನು. ಪಾಳಿ ಕಾಯುತ್ತ ಕೂತಾಗ ಗೋಡೆಯ ಟಿ.ವಿ.ಯಲ್ಲಿ ಆ ಚಿತ್ರ ಶುರುವಾಯಿತು. ತೆಳ್ಳನೆಯ ಮನುಷ್ಯನೊಬ್ಬ ಹೆಗಲ ಮೇಲೆ ಏಣಿ ಹೊತ್ತು, ದೊಡ್ಡವರ ಮನೆಗೆ ಸುಣ್ಣ ಬಳಿಯಲು ಬರುತ್ತಾನೆ. ಯಾರೋ ಕರೆದರೆಂದು ತಿರುಗಿದರೆ ಏಣಿಯ ಹಿಂದಿನ ತುದಿ ಸಾಹುಕಾರನ ತಲೆಗೆ! ತಪ್ಪಾಯಿತು ಅನ್ನಲು ಈ ಕಡೆ ತಿರುಗಿದರೆ ಮುಂದಿನ ತುದಿ ಸಾಹುಕಾರ್ತಿಗೆ! ಕೊನೆಗೆ ಏಣಿ ಹತ್ತಿ, ಜಾರಿ, ಸುಣ್ಣದ ಬಕೀಟಿನೊಳಗೆ ತಾನೇ ಕೂರುತ್ತಾನೆ. ಅತ್ತಿ ನಕ್ಕ ರಭಸಕ್ಕೆ ಪಕ್ಕದ ಬೆಂಚಿನವರು ಹೆದರಿ ನೀರು ತಂದರು. ಒಳಗಿಂದ ಕರೆ ಬಂದಾಗ, "ನೋವು ಹೋತ್ರೀ ಡಾಕ್ಟರ!" ಅಂದವಳೇ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು. ಆ ಹಲ್ಲು ಇವತ್ತಿಗೂ ಅವಳ ಬಾಯಲ್ಲೇ ಇದೆ!

ಚಿತ್ರವನ್ನು ಹುಡುಕಿ ಮೊಬೈಲಿಗೆ ಹಾಕಿಕೊಟ್ಟವಳು ನಾನೇ. ರಬಕವಿಯ ಅತ್ತಿಯ ಮನೆಯಲ್ಲಿ ನಡುಮನೆಗೆ ಅಂಟಿಕೊಂಡೇ ಪವರ್‌ಲೂಮು. ಅದರ ಖಟಖಟ ಸದ್ದು ಶುರುವಾಯಿತೆಂದರೆ ಎದುರಿಗಿದ್ದವರು ಬೈದರೂ ಒಂದೇ, ಹರಸಿದರೂ ಒಂದೇ. ಧಾರಾವಾಹಿಯ ಸೊಸೆ ಯಾಕೆ ಅಳುತ್ತಿದ್ದಾಳೆಂದು ಯಾರಿಗೂ ತಿಳಿಯದು. ಈ ಮನುಷ್ಯನಿಗೆ ಆ ತೊಂದರೆಯೇ ಇಲ್ಲವಲ್ಲ! ಮಧ್ಯಾಹ್ನದ ಊಟ ಮುಗಿಯಿತೋ, ಅತ್ತಿ ಮೊಬೈಲ್ ಹಿಡಿದಳೇ.

"ದಿನಾ ಅದನ್ನ ನೋಡ್ತಿಯಲ್ಲ ಅತ್ತಿ, ಮುಂದ ಬೀಳ್ತಾನಂತ ಗೊತ್ತಿಲ್ಲೇನು?"

"ನನಗ ಗೊತ್ತೈತಿ ಯವ್ವಾ. ಅವಗ ಗೊತ್ತಿಲ್ಲಲ್ಲ, ಪಾಪ!"

ಮುತ್ತಜ್ಜನ ಕಾಲದ ನಗು ಇನ್ನೂ ಯಾಕೆ ಹಳಸಿಲ್ಲ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಸಿಕ್ಕಿಲ್ಲ.

ಮಾವನಿಗೆ ಮಾತ್ರ ಒಳಗೊಳಗೇ ಉರಿ. "ಮಾತಾಡೂದಿಲ್ಲಂತ ಅಂವ ನಿನಗ ಸೇರತಾನೇನ? ಲಗ್ನ ಆದಾಗಿಂದ ನಾನೂ ಮಾತಾಡಿಲ್ಲ!"

"ನೀವು ಬಿದ್ರ ನಗು ಎಲ್ಲಿ ಬರ್ತೈತ್ರಿ? ಎಬ್ಬಸಾಕಿ ನಾನಽ ಅಲ್ಲ?"

ಒಮ್ಮೆ ಮುಧೋಳದ ಬಸ್ಸಿನಲ್ಲೂ ಆ ಚಿತ್ರ ಹಚ್ಚಿದಳು. ರನ್ನ ಬೆಳಗಲಿಯಲ್ಲಿ ಇಳಿಯಬೇಕಿದ್ದ ಕಂಬಳಿಯ ಅಜ್ಜನೊಬ್ಬ ಅವಳ ಹೆಗಲ ಮೇಲಿಂದ ಇಣುಕುತ್ತ ಕೂತೇಬಿಟ್ಟ. ಕಂಡಕ್ಟರು ರೇಗಿದರೆ ಅಜ್ಜ ಏನಂದ ಗೊತ್ತೇ? "ತಡಿಯಪಾ, ಅಂವ ಏಣಿ ಇಳೀಲಿ, ಆಮ್ಯಾಲ ನಾ ಇಳೀತೇನಿ!"

ಇಷ್ಟೆಲ್ಲ ಸಹಿಸಿದೆ. ಆದರೆ ಹೋದ ತಿಂಗಳು ಚಿಮ್ಮಡದಲ್ಲಿ ಮಾಡಿದ್ದಿದೆಯಲ್ಲ, ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ! ಅತ್ತಿಯ ಚಿಕ್ಕಂದಿನ ಗೆಳತಿಯ ಗಂಡ ತೀರಿಕೊಂಡಿದ್ದರು. ಮಾತಾಡಿಸಿ ಬರಲು ಹೋದೆವು. ಗೆಳತಿ ಗೋಡೆಗೆ ಒರಗಿ ಕೂತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಅಳುವಿಲ್ಲ, ಮಾತಿಲ್ಲ, ಒಂದು ತುತ್ತೂ ಇಳಿದಿಲ್ಲ. ಸೊಸೆ ರೊಟ್ಟಿಯ ತಾಟು ಹಿಡಿದು ಬೇಡುತ್ತಿದ್ದಳು. "ಹಿಂಗಾದ್ರ ಇಕಿನೂ ಉಳಿಯಾಂಗಿಲ್ಲ" ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು.

ಅತ್ತಿ ಪಕ್ಕದಲ್ಲಿ ಕೂತಳು. ನಾಲ್ಕು ಸಮಾಧಾನದ ಮಾತು ಆಡುತ್ತಾಳೆ ಅಂದುಕೊಂಡೆ. ಕೈಚೀಲದಿಂದ ಮೊಬೈಲ್ ತೆಗೆದಳು! ಶಿವನೇ!

"ಅತ್ತಿ, ಬ್ಯಾಡ ಬೇ!" ಕೈ ಹಿಡಿದೆ. ಕೊಸರಿಕೊಂಡಳು.

ಗೋಡೆಯ ಮೇಲೆ ಸತ್ತವರ ಫೋಟೋ, ಕೆಳಗೆ ದೀಪ, ಅದರೆದುರಿಗೆ ಏಣಿ ಹೊತ್ತು ಬರುವ ಆ ಪುಣ್ಯಾತ್ಮ! "ಸತ್ತ ಮನ್ಯಾಗ ಸಿನಿಮಾ ಹಚ್ಯಾಳಲ್ಲ ಯವ್ವಾ!" ಎಂದು ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಗೆಳತಿಯ ಮೈದುನ ಅಂಗಳದಿಂದ ದಡದಡ ಒಳಬಂದ. "ಏಳ್ರಿ ಮ್ಯಾಲ! ಮರ್ಯಾದಿ ಐತೋ ಇಲ್ಲೋ ನಿಮಗ?" ಅತ್ತಿ ಕದಲಲಿಲ್ಲ.

ಅಷ್ಟರಲ್ಲಿ ಮೊಬೈಲಿನಲ್ಲಿ ಆತ ಸುಣ್ಣದ ಬಕೀಟಿನೊಳಗೆ ಕೂತ. ಗೆಳತಿಯ ತುಟಿ ಅಲುಗಿತು. 'ಹ್ಹ' ಅಂತ ಒಂದು ಸದ್ದು. ಕೆಮ್ಮೋ? ಅಲ್ಲ, ನಗು! ಮೈದುನ ನಿಂತಲ್ಲೇ ನಿಂತ.

"ನಮ್ಮನಿಯವ್ರೂ ಹಿಂಗ ಬಿದ್ದಿದ್ರು," ಅಂದಳು ಗೆಳತಿ, ಎಲ್ಲೋ ದೂರದಿಂದ ಮಾತಾಡುವವಳ ಹಾಗೆ. "ದೀಪಾವಳಿಗಿ ಸುಣ್ಣಾ ಹಚ್ಚಾಕ ಹೋಗಿ. ಮೀಸಿ ಎಲ್ಲಾ ಬೆಳ್ಳಗ..."

ಮುಂದಿನ ಮಾತು ಬರಲಿಲ್ಲ. ಬಂದದ್ದು ಅಳು, ಅಷ್ಟು ದಿನ ಎಲ್ಲಿ ಹಿಡಿದಿಟ್ಟಿದ್ದಳೋ!

ಅತ್ತಿ ಮೊಬೈಲನ್ನು ಗೆಳತಿಯ ಉಡಿಯಲ್ಲಿ ನಿಲ್ಲಿಸಿದಳು. ಸೊಸೆಯ ಕೈಯಿಂದ ತಾಟು ಇಸಿದುಕೊಂಡು, ರೊಟ್ಟಿ ಮುರಿದು, ಪಲ್ಯ ಹಚ್ಚಿ, ಹಟಮಾರಿ ಕೂಸಿಗೆ ಉಣಿಸುವವಳ ಹಾಗೆ ತುತ್ತು ಮುಂದೆ ಹಿಡಿದಳು. ಗೆಳತಿ ಪರದೆಯಿಂದ ಕಣ್ಣು ತೆಗೆಯದೆ, ಅಳುತ್ತಲೇ, ಬಾಯಿ ತೆರೆದಳು.